ಬಿಡುಗಡೆಯಾದ ಐದೂ ಚಿತ್ರಗಳಲ್ಲಿ ನೀನಿದ್ದೆ

ಫಾಲ್ಗುಣ ಬಹುಳ ಇಪ್ಪತ್ತಮೂರು, ಗಿರಣಿವರ್ಷ ನೂರ ಅರವತ್ತೆಂಟು

ತಂಗಿ ಫಕ್ಕೀರವ್ವ,

ಮೇಲಿನ ತಿಥಿ ನೋಡಿ ನಗಬೇಡ. ನಿಮ್ಮ ಕಾಲದಲ್ಲಿ ಬಹುಳಕ್ಕೆ ಹದಿನೈದೇ ದಿನ ಇದ್ದವು ಎಂದು ಕೇಳಿದ್ದೇನೆ. ನಮ್ಮಲ್ಲಿ ಗಿರಣಿ ನಿಂತ ದಿನವೇ ಯುಗಾದಿ. ಅದು ನಿಲ್ಲುವವರೆಗೆ ಫಾಲ್ಗುಣವನ್ನು ಎಳೆಯುತ್ತಲೇ ಇರುತ್ತೇವೆ. ನನ್ನ ಮಾತು ನಿನಗೆ ಅಲ್ಲಲ್ಲಿ ಸೊಟ್ಟಗೆ ಕಂಡೀತು, ಕ್ಷಮಿಸು. ನಿನ್ನನ್ನು ಏನೆಂದು ಕರೆಯಬೇಕೆಂದೂ ನನಗೆ ಬಗೆಹರಿಯಲಿಲ್ಲ. ಮುಖ ನೋಡಿದರೆ ನನ್ನ ಕಿರಿಮಗಳ ವಯಸ್ಸು, ಹುಟ್ಟಿದ್ದನ್ನು ನೋಡಿದರೆ ನನ್ನ ಮುತ್ತಜ್ಜಿಗೂ ಮುತ್ತಜ್ಜಿ ಆಗಬೇಕು. ತಂಗಿ ಎನ್ನುತ್ತೇನೆ. ನನ್ನ ಹೆಸರು ಅಂಬವ್ವ. ಕಾಗದವನ್ನು ಹಿಂದೆ ಕಳಿಸುವ ಅಂಚೆ ನಮ್ಮಲ್ಲಿ ಇದೆ, ಆದರೆ ಅದು ಕೇಳಿದ ಮನೆಗೇ ಮುಟ್ಟುತ್ತದೆ ಎನ್ನುವ ಹಾಗಿಲ್ಲ. ಭಜಿ ಕಟ್ಟಿದ ಪೇಪರಿನಲ್ಲೋ, ಯಾರೋ ಬರೆದ ಕಥೆ ಎಂಬ ಸೋಗಿನಲ್ಲೋ ಎಲ್ಲಾದರೂ ಹೋಗಿ ಬೀಳಬಹುದು. ಆದ್ದರಿಂದ ಯಾರ ಕೈಗೆ ಸಿಕ್ಕರೂ ತಿಳಿಯುವಂತೆ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ.

ನಾನು ಗಾಳಿಗಿರಣಿಯಲ್ಲಿ ದುಡಿಯುವವಳು. ನಮಗೆ ಹೊಳೆ ಇಲ್ಲ, ಮೋಡ ಅಪರೂಪ. ಗುಡ್ಡದಷ್ಟು ಎತ್ತರದ ಫಂಕಗಳು, ನಿಮ್ಮ ಮಾತಿನಲ್ಲಿ ಫ್ಯಾನುಗಳು, ಗಾಳಿಯನ್ನು ಎಳೆದು ಅದರ ತೇವವನ್ನು ಹಿಂಡುತ್ತವೆ, ಆ ನೀರನ್ನೇ ಊರು ಕುಡಿಯುತ್ತದೆ. ಫಂಕದ ಸದ್ದಿಗೆ ಅಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಗಿರಣಿಯವರು ತುಟಿ ನೋಡಿಯೇ ಮಾತಾಡುತ್ತೇವೆ. ಮೂವತ್ತೊಂದು ವರ್ಷ ಹೀಗೆ ಬಾಳಿ ನನಗೆ ಎಂಥ ದುರಭ್ಯಾಸ ಆಗಿದೆ ಎಂದರೆ, ಮನೆಯಲ್ಲಿ ಸೊಸೆ ಬೆನ್ನು ತಿರುಗಿಸಿ ಮಾತಾಡಿದರೆ ಸಿಟ್ಟು ಬರುತ್ತದೆ. ನಮ್ಮನ್ನು ಬಿಟ್ಟು ಊರಲ್ಲಿ ಬೇರೆ ಯಾರಿಗೂ ಈ ವಿದ್ಯೆ ಇಲ್ಲ, ಬೇಕಾಗಿಯೂ ಇಲ್ಲ.

ರಜೆಯ ದಿನ ನಾನು ಸಿನಿಮಾಕ್ಕೆ ಹೋಗುತ್ತೇನೆ. ಪಂಡಿತೆಯಲ್ಲ, ಥಿಯೇಟರಿನ ಒಳಗೆ ತಂಪಿರುತ್ತದೆ ಎಂದು ಹೋಗುವವಳು. ಯಾವುದು ಬಿಡುಗಡೆಯಾಗಿದೆಯೋ ಅದು, ಎಲ್ಲಿ ಸೀಟು ಸಿಕ್ಕಿತೋ ಅಲ್ಲಿ. ನಮ್ಮ ಕಾಲದಲ್ಲಿ ಯಾರೂ ನಟಿಸುವುದಿಲ್ಲ, ಅದು ನಾಚಿಕೆಯ ಕೆಲಸ ಎಂದು ಎಂದೋ ಬಿಟ್ಟಿದ್ದಾರೆ. ನಿಮ್ಮ ಕಾಲದವರು ಬಿಟ್ಟುಹೋದ ಚಿತ್ರಗಳು ಲೆಕ್ಕವಿಲ್ಲದಷ್ಟು ಇವೆ. ಮದುವೆಯವು, ಅಂಗಡಿಯವು, ರಸ್ತೆಯವು, ಬಾಗಿಲ ಮೇಲಿನ ಕ್ಯಾಮೆರಾ ಹಗಲಿರುಳು ತುಂಬಿಟ್ಟವು. ಹೊಲಿಗೆಯವರು ಎಂಬ ಜನ ಅವುಗಳಿಂದ ಮುಖಗಳನ್ನು ಆರಿಸಿ, ಉಡುಗೆ ಬದಲಿಸಿ, ಹಿಂದೆ ಬೇರೆ ಊರು ಇಟ್ಟು, ಬೇರೆಯವರ ದನಿ ಕೂಡಿಸಿ ಕಥೆ ಹೊಲಿಯುತ್ತಾರೆ. ತುಟಿಯನ್ನು ಮಾತ್ರ ಮುಟ್ಟುವುದಿಲ್ಲ. ಮುಟ್ಟಿದರೆ ಮುಖ ಸತ್ತ ಹಾಗೆ ಕಾಣುತ್ತದಂತೆ. ದನಿಗೂ ತುಟಿಗೂ ತಾಳವಿಲ್ಲದಿದ್ದರೂ ನೋಡುವವರಿಗೆ ರೂಢಿಯಾಗಿದೆ.

ಈ ಹಂಗಾಮಿನಲ್ಲಿ ಮೊದಲು ಬಂದದ್ದು ಮೂವರು ಸೊಸೆಯರ ನಗೆ ಚಿತ್ರ. ಮೊದಲರ್ಧ ಅಂಬಲಿಯಂತೆ ಸಪ್ಪೆ. ನಡುವಿನ ಸೊಸೆ ಬಂದ ಮೇಲೆ ಜೀವ ಬಂತು. ಅವಳು ಒಮ್ಮೆ ಹೊಟ್ಟೆ ಹಿಡಿದು ನಗುತ್ತಾಳೆ, ಥಿಯೇಟರಿಗೆ ಥಿಯೇಟರೇ ನಕ್ಕಿತು. ದನಿಯಲ್ಲಿ ಅವಳು ಮಾವನ ಗೊರಕೆಯನ್ನು ಆಡಿಕೊಳ್ಳುತ್ತಿದ್ದಳು. ತುಟಿಯಲ್ಲಿ ಮಾತ್ರ ಹೀಗಿತ್ತು: ‘ಹಬ್ಬಕ್ಕ ಒಗಿಯೂಣು ಅಂತ ಸ್ವೆಟರ್ ತರಾಕ ಬಂದು ಒಳಗ ಸಿಕ್ಕೊಂಡೆ ನೋಡ್ರಿ. ನಮ್ಮತ್ತಿಗೆ ಗೊತ್ತಾದ್ರ ವರ್ಷಗಟ್ಟಲೆ ನಗತಾಳ.’ ಅದು ನೀನು, ತಂಗಿ. ನನಗೂ ನಗು ಬಂತು. ಯಾವುದೋ ಕಾಲದ ಯಾರದೋ ಮನೆಯ ಮಾತು ಎಂದುಕೊಂಡು ಮನೆಗೆ ಬಂದೆ.

ಎರಡನೆಯದು ದೆವ್ವದ ಚಿತ್ರ. ನನಗೆ ದೆವ್ವದ ಚಿತ್ರ ಎಂದರೆ ತಾತ್ಸಾರ, ಬಾಗಿಲು ಕಿರ್ ಎಂದ ಕೂಡಲೇ ಮುಂದೇನು ಎಂದು ಗೊತ್ತಾಗಿಬಿಡುತ್ತದೆ. ಬಾವಿಯಲ್ಲಿ ಬಿದ್ದ ಹೆಂಗಸೊಬ್ಬಳು ಎರಡೂ ಅಂಗೈಯಿಂದ ಗೋಡೆ ಬಡಿಯುತ್ತಾ ಕಿರುಚುತ್ತಾಳೆ, ಬಾಯಿಂದ ಬಿಳಿ ಹೊಗೆ ಬರುತ್ತದೆ. ಮುಂದಿನ ಸಾಲಿನವರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಹಣೆಯ ಕುಂಕುಮ ಎಡಕ್ಕೆ ಒರೆಸಿಹೋಗಿದ್ದರೂ ಮುಖ ಗುರುತು ಸಿಕ್ಕಿತು, ನಡುವಿನ ಸೊಸೆ. ತುಟಿ ಹೇಳುತ್ತಿತ್ತು: ‘ಬಾಗಲಾ ತಗೀರಿ. ಒಳಗ ಮಂದಿ ಅದಾರ. ವಾಚಮನ್ ಅಣ್ಣಾ, ಒಳಗ ನಾ ಅದೀನಿ.’ ಥಿಯೇಟರಿನ ತಂಪು ಅಂದು ಮೊದಲ ಬಾರಿಗೆ ನನಗೆ ಬೇಡವೆನಿಸಿತು.

ಮೂರನೆಯದು ಪ್ರೇಮದ ಕಥೆ, ಎಲ್ಲರೂ ಹೊಗಳಿದ್ದು. ಗುಡ್ಡದ ಮಂಜಿನಲ್ಲಿ ಒಬ್ಬಳು ಮೇಲೆ ನೋಡುತ್ತಾ ನಲ್ಲನಿಗಾಗಿ ಕಾಯುತ್ತಾಳೆ. ಹಾಡು ಚೆನ್ನಾಗಿದೆ, ನಲ್ಲ ಮಾತ್ರ ಒಣಕಟ್ಟಿಗೆ. ಅವಳು ನೀನೇ. ಆ ಮಂಜು ಗುಡ್ಡದ್ದಲ್ಲ, ನಿನ್ನ ಉಸಿರು. ನೀನು ಮೇಲೆ ನೋಡುತ್ತಿದ್ದದ್ದು ಕ್ಯಾಮೆರಾವನ್ನು. ಹಾಡಿನ ಒಂದೊಂದು ಚರಣಕ್ಕೂ ನೀನು ಒಂದೇ ಮಾತನ್ನು ಬಿಡದೆ ಹೇಳುತ್ತಿದ್ದೆ: ‘ನಾನು ಫಕ್ಕೀರವ್ವ. ಬ್ಯಾಡಗಿ ಊರ ಹೊರಗಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು. ಮೂರನೇ ಕ್ವಾಣಿ. ಫೋನ್ ಹೊರಗ ಚೀಲದಾಗ ಉಳದೈತಿ. ನಾಳಿ ಯುಗಾದಿ, ಮೂರು ದಿನ ಯಾರೂ ಬರಂಗಿಲ್ಲ. ಕೆಂಪು ಲೈಟ್ ಹತ್ತೈತಿ, ನೀವು ಯಾರೋ ನೋಡಾಕತ್ತೀರಿ. ನೋಡಿದವ್ರು ಬಂದು ಬಾಗಲಾ ತಗೀರಿ.’ ಪಕ್ಕದ ಸೀಟಿನ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾದರೆ ಹೀಗೆ ಕಾಯಬೇಕು ನೋಡಿ ಎಂದಳು.

ಮರುದಿನ ಗಿರಣಿಯಲ್ಲಿ ನನ್ನ ಜೋಡಿಕೆಲಸದ ದುರುಗಪ್ಪನಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗವಿಲ್ಲ. ‘ಅಂಬಕ್ಕಾ, ಊರು ಕೊಳ್ಳೆ ಹೊಡದ ಮ್ಯಾಲ ಕ್ವಾಟಿ ಬಾಗಲಾ ಹಾಕಾಕ ಹೊಂಟಿ. ಆಕಿ ಸತ್ತು ಇನ್ನೂರೈವತ್ತು ವರ್ಷರ ಆಗಿರಬೇಕು’ ಎಂದು ತುಟಿ ಆಡಿಸಿದ. ನಾನು ಅವನ ತೋಳು ಹಿಡಿದು ನಾಲ್ಕನೆಯ ಚಿತ್ರಕ್ಕೆ ಎಳೆದುಕೊಂಡು ಹೋದೆ.

ಅದು ರಾಣಿಯ ಕಥೆ, ಕತ್ತಿ ಕುದುರೆಗಳ ಗದ್ದಲ. ಯುದ್ಧದಲ್ಲಿ ಯಾರು ಯಾರ ಕಡೆಯವರು ಎಂದು ಕೊನೆಗೂ ತಿಳಿಯಲಿಲ್ಲ. ರಾಣಿ ಮೈತುಂಬ ಭಾರದ ನಿಲುವಂಗಿ ಹೊದ್ದು, ಸುತ್ತ ಕೆಂಪು ಹರಳುಗಳ ರಾಶಿ ಹಾಕಿಕೊಂಡು ಸಿಂಹಾಸನದಲ್ಲಿ ಕೂತಿದ್ದಾಳೆ, ಗಲ್ಲ ನಡುಗುತ್ತದೆ. ಜನ ಅದನ್ನು ರೋಷ ಎಂದು ಚಪ್ಪಾಳೆ ತಟ್ಟಿದರು. ದುರುಗಪ್ಪ ತಟ್ಟಲಿಲ್ಲ. ನಿಲುವಂಗಿ ಗೋಣಿಚೀಲ, ಹರಳು ಮೆಣಸಿನಕಾಯಿ ಎಂದು ನಾನು ಅವನಿಗೆ ಹೇಳಬೇಕಾಗಲಿಲ್ಲ. ನಿನ್ನ ತುಟಿಯಿಂದ ಅವನೇ ಓದಿದ: ‘ಚೀಲ ಸುರುವಿ ಹೊಚ್ಚಕೊಂಡೀನಿ, ಮಾಲಕರು ಬೈಬ್ಯಾಡ್ರಿ. ಸ್ವೆಟರ್ ಐತಿ, ಪುಣ್ಯಾ. ಕಾಲು ಗೊತ್ತಾಗವಲ್ಲವು.’ ಆ ದೊಡ್ಡ ಗಂಡಸು ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಆಮೇಲೆ ಎಂದೂ ಅವನು ನನ್ನನ್ನು ತಡೆಯಲಿಲ್ಲ.

ಐದನೆಯದನ್ನು ಒಬ್ಬಳೇ ನೋಡಿದೆ. ಸಂಸಾರದ ಚಿತ್ರ. ಮನೆಯವರೆಲ್ಲ ಸುತ್ತ ಕೂತಿರುವಾಗ ಹಿರಿಮಗಳು ಸಾಯುತ್ತಾಳೆ. ನಿಧಾನದ ಕಥೆ, ನನಗೆ ನಿದ್ದೆ ಬರಬೇಕಿತ್ತು. ನಿನ್ನ ಮುಖ ತೆರೆಯ ತುಂಬ ಇತ್ತು, ಶಾಂತವಾಗಿ, ಸಣ್ಣ ನಗುವಿನೊಡನೆ. ಥಿಯೇಟರಿನಲ್ಲಿ ಅಳದವರಿಲ್ಲ. ನೀನು ಮೆಲ್ಲಗೆ ಹೇಳುತ್ತಿದ್ದೆ: ‘ಹೂರಣಕ್ಕ ಬ್ಯಾಳಿ ನೆನಿ ಇಟ್ಟು ಬಂದೀನಿ. ಹುಳಿ ಆಕ್ಕಾವು, ಯಾರರ ಬಸದಿಡ್ರಿ.’ ಆಮೇಲೆ ಕಣ್ಣೆತ್ತಿ ಸೀದಾ ನಮ್ಮನ್ನು ನೋಡಿದೆ. ‘ಇನ್ನೂ ನೋಡಾಕತ್ತೀರಲ್ಲ. ಅಷ್ಟು ಮಂದಿ ಅದೀರಿ. ಒಬ್ಬರರ ಏಳ್ರೆವ್ವ.’

ನಾನು ಎದ್ದೆ. ಎದ್ದು ಏನು ಮಾಡಲಿ? ಹಿಂದಿನವರು ಕೂತ್ಕೊಳ್ರಿ, ಕಾಣವಲ್ದು ಎಂದು ಬೈದರು.

ಹೊಲಿಗೆಯವರ ಕಚೇರಿಗೂ ಹೋದೆ. ನಿನ್ನ ಚಿತ್ರವನ್ನು ಹುಡುಕಿ ತೆಗೆದ ಹೆಂಗಸು ಕೆಟ್ಟವಳಲ್ಲ, ನನಗೆ ಕೂರಲು ಕುರ್ಚಿ ಕೊಟ್ಟಳು. ಒಂದೇ ಮುಖದಲ್ಲಿ ಇಷ್ಟು ಭಾವ ಇಡೀ ಭಂಡಾರದಲ್ಲಿ ಇನ್ನೊಂದಿಲ್ಲ, ಐವತ್ತೊಂದು ಗಂಟೆ ಸಿಕ್ಕಿದೆ ಎಂದು ಹೆಮ್ಮೆಯಿಂದ ಹೇಳಿದಳು. ತುಟಿಯ ಮಾತನ್ನು ಹೇಳಿದಾಗ ಪಾಪ, ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು. ಇಸವಿ ಯಾವುದು ಎಂದು ಕೇಳಿದೆ. ಮೂಲೆಯಲ್ಲಿದ್ದ ತಾರೀಕನ್ನು ಮೊದಲೇ ಕತ್ತರಿಸಿ ಎಸೆದಿದ್ದರು, ಅದು ಚಿತ್ರದ ಅಂದ ಕೆಡಿಸುತ್ತದಂತೆ. ಕೊನೆಯಲ್ಲಿ ಏನಾಯಿತು, ಯಾರಾದರೂ ಬಂದರೇ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಕೊನೆಯ ಹನ್ನೊಂದು ಗಂಟೆ ಕೆಲಸಕ್ಕೆ ಬರಲಿಲ್ಲ, ಅದರಲ್ಲಿ ಭಾವವೇ ಇಲ್ಲ ಎಂದಳು.

ಅಂದಿನಿಂದ ಬರೆಯುತ್ತಿದ್ದೇನೆ. ಇಸವಿ ಗೊತ್ತಿಲ್ಲ, ಆದ್ದರಿಂದ ನನ್ನ ಬೇಡಿಕೆ ಎಲ್ಲ ವರ್ಷಕ್ಕೂ ಸೇರಿದ್ದು. ಯುಗಾದಿಯ ಹಿಂದಿನ ದಿನ ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಸ್ವೆಟರ್ ನೆನಪಾದರೆ ತಿರುಗಿ ಹೋಗಬೇಡ. ಅದು ಕೊಳೆಯಾಗಿಯೇ ಇರಲಿ. ಒಂದು ಹಬ್ಬಕ್ಕೆ ಒಂದು ಸ್ವೆಟರ್ ಒಗೆಯದಿದ್ದರೆ ಯಾವ ದೇವರೂ ಕೇಳುವುದಿಲ್ಲ. ಅತ್ತೆ ಬೈದರೆ ಬೈಯಲಿ, ಹೂರಣ ರುಬ್ಬುತ್ತಾ ಬೈಸಿಕೊಂಡಿರು. ನೀನು ಒಳಗೆ ಹೋಗದಿದ್ದರೆ ಈ ಐದು ಚಿತ್ರಗಳೂ ಇರುವುದಿಲ್ಲ, ನಾನು ನಿನ್ನನ್ನು ಎಂದೂ ನೋಡಿರುವುದಿಲ್ಲ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಏಕೆಂದರೆ ನೀನು ನನಗೆ ಇಷ್ಟವಾಗಿಬಿಟ್ಟಿದ್ದೀಯ. ಆದರೂ ಹಾಗೇ ಆಗಲಿ.

ಇದು ಎಂಟನೆಯ ಕಾಗದ. ಪ್ರತಿ ಸಲ ಅಂಚೆಗೆ ಹಾಕಿದ ಮೇಲೆ ಮೊದಲ ಆಟಕ್ಕೆ ಹೋಗಿ ಕೂರುತ್ತೇನೆ, ನಿನ್ನ ಜಾಗ ಖಾಲಿಯಾಗಿರುತ್ತದೆಂದು. ಏಳು ಸಲವೂ ನೀನು ಇದ್ದೆ.

ಆದ್ದರಿಂದ ಉಳಿದ ಮಾತು ನಿನಗಲ್ಲ ತಂಗಿ, ಈ ಕಾಗದ ಯಾರ ಕೈಗೆ ಬಿದ್ದಿದೆಯೋ ಅವರಿಗೆ. ನೀವು ಇದನ್ನು ಕಥೆ ಎಂದು ಓದುತ್ತಾ ಬಂದಿರಿ. ಚೆನ್ನಾಗಿದೆ ಎಂದೋ, ಉದ್ದವಾಯಿತು ಎಂದೋ ನಿಮಗೂ ಒಂದು ಅಭಿಪ್ರಾಯ ಇರಬಹುದು, ನನಗೂ ಐದೂ ಚಿತ್ರಕ್ಕೆ ಒಂದೊಂದು ಇತ್ತು. ನೀವು ಅವಳ ಕಾಲದವರು, ಅವಳ ಕಡೆಗೆ ಬಸ್ಸುಗಳು ನಿಮ್ಮ ಊರಿಂದ ಓಡುತ್ತಿವೆ. ಬ್ಯಾಡಗಿ, ಊರ ಹೊರಗೆ, ಮೂರನೆಯ ಕೋಣೆ. ಏಳಿ.

ಇಂತಿ,
ಅಂಬವ್ವ
ನಾಲ್ಕನೆಯ ಫಂಕ, ಗಾಳಿಗಿರಣಿ