ಟರ್ಕಿಶ್ ಕಲಿಯಲು ಬಂದ ಕಾರಣ

ಮಣಿಪಾಲ, ಗುರುವಾರ

ಶರ್ವಾಣಿ ಮೇಡಂ ಅವರಿಗೆ ನಮಸ್ಕಾರ.

ಟರ್ಕಿಶ್ ಯಾಕೆ ಕಲಿಯುತ್ತೀರಿ ಎಂದು ನೀವು ಕೇಳಿದಾಗ, ಇಸ್ತಾಂಬುಲಿನಲ್ಲಿ ಎಂ.ಎ. ಮಾಡಬೇಕು ಎಂದಿದ್ದೆ. ನೀವು ಇಡೀ ತರಗತಿಯ ಎದುರು ಮೆಚ್ಚಿಕೊಂಡಿರಿ. ನಾಳೆ ತರಗತಿಗೆ ಸೇರುವ ಹೊಸಬರ ಮುಂದೆ ಅದನ್ನೇ ಹೇಳಲು ನನ್ನಿಂದಾಗದು. ದಯವಿಟ್ಟು ಮಾತಾಡುವವರ ಪಟ್ಟಿಯಿಂದ ನನ್ನ ಹೆಸರು ಬಿಡಿ.

ನನ್ನ ಅಣ್ಣ ರಾಯ್‌ಸ್ಟನ್ ಮದುವೆಯಾದದ್ದು ಟರ್ಕಿಯ ಎಲಿಫ್ ಅವರನ್ನು. ಅತ್ತಿಗೆ ಈಗ ಕಾರ್ಕಳದ ನಮ್ಮ ಮನೆಯಲ್ಲಿದ್ದಾರೆ, ದಿನಾ ಟರ್ಕಿಯಲ್ಲಿರುವ ತಮ್ಮ ತಾಯಿಗೆ ಫೋನ್ ಮಾಡುತ್ತಾರೆ. "ನಮ್ಮ ಬಗ್ಗೆ ಎಂತ ದೂರು ಹೇಳ್ತಾಳೋ, ನೀನು ಆ ಭಾಷೆ ಕಲಿತು ಬಾ ಮಾರಾಯ್ತಿ" ಎಂದರು ಮಮ್ಮಿ. ನಾನು ಸೇರಿದ್ದು ಅದಕ್ಕೇ.

ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವ ಕ್ರಮ ನಮ್ಮಲ್ಲಿ ಉಂಟು. ಹಿರಿಯರನ್ನು ಮಾತ್ರ ಕೇಳಬೇಕೆಂದು ಅತ್ತಿಗೆಗೆ ಗೊತ್ತಿಲ್ಲ. ನಾನು ಮನೆಗೆ ಹೋದಾಗ, ಅವರಿಗಿಂತ ಕಿರಿಯಳಾದ ನನ್ನ ಮುಂದೆಯೂ ಕೈಮುಗಿದು ನಿಲ್ಲುತ್ತಾರೆ. ನಾವೆಲ್ಲ ನಗುತ್ತೇವೆ. ಯಾರೂ ತಿದ್ದಿಲ್ಲ, ನಾನೂ ತಿದ್ದಿಲ್ಲ.

ಕಳೆದ ಭಾನುವಾರ ಬಾಗಿಲ ಹಿಂದೆ ನಿಂತು ಅತ್ತಿಗೆ ಫೋನಿನಲ್ಲಿ ಆಡುತ್ತಿದ್ದ ಮಾತು ಕೇಳಿಸಿಕೊಂಡೆ. ಮೊದಲ ಬಾರಿಗೆ ಪೂರ್ತಿ ಅರ್ಥವಾಯಿತು. "ಚಿಂತೆ ಮಾಡಬೇಡ ಅಮ್ಮ, ಇಲ್ಲಿ ದಿನಾ ಎಲ್ಲರೂ ನಗುನಗುತ್ತಾ ನನ್ನನ್ನು ಹರಸುತ್ತಾರೆ."

"ಎಂತ ಹೇಳಿದಳು?" ಎಂದು ಮಮ್ಮಿ ಕೇಳಿದರು. ಸರಿಯಾಗಿ ಕೇಳಿಸಲಿಲ್ಲ ಎಂದೆ.

ಒಂದು ಉಪಕಾರ ಮಾಡಿ ಮೇಡಂ. ಹಿರಿಯರಲ್ಲಿ ಆಶೀರ್ವಾದ ಕೇಳುವುದು ಟರ್ಕಿಶ್‌ನಲ್ಲಿ ಹೇಗೆಂದು ಶನಿವಾರದೊಳಗೆ ಬರೆದು ಕಳಿಸಿ. ಈ ಸಲ ಅತ್ತಿಗೆ ನನ್ನ ಬಳಿ ಬರುವ ಮೊದಲು ನಾನೇ ಹೋಗಿ ಅವರ ಮುಂದೆ ನಿಲ್ಲಬೇಕು.

ನಿಮ್ಮ ವಿದ್ಯಾರ್ಥಿನಿ,
ಡೈನಾ