ಕಥೆಯಲ್ಲಿ ಇಲ್ಲದ ತಮ್ಮ

ಅಕ್ಕಾ,

ನೀನು ತೀರಿಕೊಂಡು ವರ್ಷಗಳಾದರೂ ಇವತ್ತಿನ ತರಗತಿಯ ವಿಷಯ ನಿನಗೇ ಹೇಳಬೇಕೆನಿಸಿತು.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕಥೆ ಓದಿ ಹೇಳುತ್ತಿದ್ದೆ. ಅಡುಗೆಮನೆಯಲ್ಲಿ ಅಪ್ಪ, ಅಮ್ಮ ಜಗಳವಾಡುತ್ತಾರೆ. ಮಗಳು ಹೊರಗಿನ ಕೋಣೆಯಲ್ಲಿದ್ದಾಳೆ. ಅಲ್ಲಿಗೆ ನಿಲ್ಲಿಸಿ, "ಅವಳು ಏನು ಮಾಡ್ತಿರಬಹುದು?" ಎಂದು ಕೇಳಿದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಹೇಳಿದಳು: "ಟಿವಿ ಜೋರು ಮಾಡ್ತಾಳೆ ಸರ್. ತಮ್ಮನಿಗೆ ಕೇಳಿಸಬಾರ್ದಲ್ಲ."

ಕಥೆಯಲ್ಲಿ ಟಿವಿಯೂ ಇಲ್ಲ, ತಮ್ಮನೂ ಇಲ್ಲ. ನಾನು ತಿದ್ದಲಿಲ್ಲ. "ತಮ್ಮ ಏನಂತಾನೆ?" ಎಂದೆ.

"ಅವನೊಂದು ಕತ್ತೆ ಸರ್. ಚಾನೆಲ್ ಬದಲಾಯಿಸು ಅಂತ ಜಡೆ ಎಳೀತಾನೆ."

ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಗಂಟೆ ಹೊಡೆದ ಮೇಲೂ ಅವಳು ಏಳಲಿಲ್ಲ. ನಾನು ಎದುರಿನ ಬೆಂಚಿನಲ್ಲಿ ಕೂತು, "ಆ ಕಥೆಯ ಹುಡುಗಿ ಮತ್ತೇನಂತಾಳೆ?" ಎಂದು ಕೇಳಿದೆ.

"ಮನೆಗೆ ಹೋಗೋಕೆ ಭಯವಂತೆ ಸರ್." ಪುಸ್ತಕ ಮುಚ್ಚಿ, "ನಂಗೂ" ಎಂದಳು.

ಶಾಲೆಯ ಆಪ್ತ ಸಲಹೆಗಾರರ ಕೋಣೆಗೆ ಇಬ್ಬರೂ ಜೊತೆಯಾಗಿ ನಡೆದೆವು. ಅವಳು ಮಾತು ಮುಗಿಸುವವರೆಗೂ ನಾನು ಪಕ್ಕದಲ್ಲೇ ಕೂತಿದ್ದೆ.

ನಮ್ಮ ಮನೆಯ ರೇಡಿಯೋ ಯಾಕೆ ಅಷ್ಟು ಜೋರಾಗಿರುತ್ತಿತ್ತು, ಅಕ್ಕಾ? ನಿನಗೆ ಹಾಡಿನ ಹುಚ್ಚು ಎಂದೇ ನಾನು ತಿಳಿದಿದ್ದೆ. ನಾನು ಎಳೆಯುತ್ತಿದ್ದ ನಿನ್ನ ಜಡೆಯೂ ಎಷ್ಟು ಉದ್ದವಿತ್ತು.