ಒಂಬತ್ತನೇ ವಿಕೆಟ್ ಬಿದ್ದ ಮೇಲೆ

ಅಂಗಡಿಯ ಮೇಲಿನ ಮನೆ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಪಾಳಿ ಮುಗಿಸಿ ಬಂದು ನಾಲ್ಕು ಬಿಸ್ಕೆಟ್ ಬಾಯಿಗೆ ಹಾಕಿಕೊಂಡು ಮಲಗುವ ಚಾಳಿಯನ್ನು ನೀನು ಬಿಟ್ಟಿಲ್ಲವೆಂದು ನನಗೆ ಗೊತ್ತು. ಕೇಳಿದರೆ ಬಿಟ್ಟಿದ್ದೇನೆ ಅನ್ನುತ್ತೀ. ಆಸ್ಪತ್ರೆಯ ರೋಗಿಗಳಿಗೆಲ್ಲ ಗದರಿಸಿ ಉಣ್ಣಿಸುವ ನರ್ಸು ತಾನು ಮಾತ್ರ ಬಿಸ್ಕೆಟ್ಟಿನ ಮೇಲೆ ಬದುಕುವುದು ಯಾವ ಊರಿನ ನ್ಯಾಯವೋ ಕಾಣೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಕೈಕಾಲು ಆಡುತ್ತಿವೆ, ಮನೆಗೆಲಸ ಸಾಗುತ್ತಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ನಿನಗೆ ಬರುವುದಿಲ್ಲ ನೋಡು.

ಅಪ್ಪನನ್ನು ಮನೆಗೆ ಕರೆತಂದು ಮೂರನೇ ವಾರ ನಡೆಯುತ್ತಿದೆ. ನೀನು ಆಸ್ಪತ್ರೆಗೆ ಬಂದಾಗ ಇದ್ದದ್ದಕ್ಕಿಂತ ವಾಸಿ. ಆಗ ಕಣ್ಣೇ ಬಿಟ್ಟಿರಲಿಲ್ಲ. ಈಗ ಯಾರು ಬಂದರು, ಯಾರು ಹೋದರು ಎಂದು ನೋಡುತ್ತಾರೆ. ದಿಂಬು ಒರಗಿಸಿ ಕೂರಿಸಿದರೆ ಕೂರುತ್ತಾರೆ. ಮೆತ್ತಗೆ ಕಲಸಿದ ಅನ್ನ ಚಮಚದಲ್ಲಿ ಕೊಟ್ಟರೆ ನುಂಗುತ್ತಾರೆ, ಬೇಡವಾದರೆ ತುಟಿ ಬಿಗಿಹಿಡಿಯುತ್ತಾರೆ, ಆ ಹಟ ಮಾತ್ರ ಎಲ್ಲೂ ಹೋಗಿಲ್ಲ. ಬಲಗೈ, ಬಲಗಾಲು ಸ್ವಾಧೀನವಿಲ್ಲದೆ ಹಾಗೆಯೇ ಇವೆ. ಮಾತು ಬಂದಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ದಿನ ಬಿಟ್ಟು ದಿನ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಾಳೆ. ನೀನು ದಿನವೂ ಮೆಡಿಕಲ್ ಶಾಪಿನವರಿಗೆ ಫೋನು ಮಾಡಿ ರಕ್ತದೊತ್ತಡ ಎಷ್ಟಿತ್ತು, ಗುಳಿಗೆ ಯಾವಾಗ ಕೊಟ್ಟರು ಎಂದೆಲ್ಲ ವಿಚಾರಿಸುತ್ತೀಯಂತೆ. ‘ನಿಮ್ಮ ಮಗ ತುಂಬಾ ಹುಷಾರು ಕಣ್ರೀ, ಏನನ್ನೂ ಬಿಡೋದಿಲ್ಲ’ ಎಂದು ಅವರು ನನ್ನ ಮುಂದೆ ಹೊಗಳಿದರು. ನಾನು ಹೌದು ಎಂದೆ. ಆಸ್ಪತ್ರೆಯಲ್ಲಿದ್ದ ಆ ಎರಡು ದಿನವೂ ನೀನು ಹಾಗೆಯೇ ಇದ್ದೆ. ಸಲೈನ್ ಬಾಟಲಿ ನೋಡಿದೆ, ಚಾರ್ಟು ನೋಡಿದೆ, ಅಲ್ಲಿನ ನರ್ಸಿನ ಜೊತೆ ಜಗಳವನ್ನೂ ಆಡಿದೆ. ಅಪ್ಪನ ಮಂಚದ ಪಕ್ಕದ ಸ್ಟೂಲಿನ ಮೇಲೆ ಮಾತ್ರ ಒಮ್ಮೆಯೂ ಕೂರಲಿಲ್ಲ. ರಜೆ ಮುಗಿಯಿತೆಂದು ಹೊರಟೆ. ಅದಾದ ಮೇಲೆ ನಿನ್ನ ದನಿಯನ್ನೇ ನಾನು ಕೇಳಿಲ್ಲ.

ಕೆಳಗೆ ಅಂಗಡಿಯ ಬಾಗಿಲನ್ನು ಅರ್ಧ ತೆರೆದಿಡುತ್ತೇನೆ. ಪೂರ್ತಿ ಮುಚ್ಚಿದರೆ ಬೀದಿಯ ಜನ ಬೇರೆ ಏನಾದರೂ ತಿಳಿದುಕೊಂಡಾರು. ಕಟ್ಟು ಹಾಕಲು ಕೊಟ್ಟ ಫೋಟೋಗಳು ಮೇಜಿನ ಮೇಲೆ ಹಾಗೇ ಇವೆ. ಕೇಳಿಕೊಂಡು ಬಂದವರಿಗೆ ಪೇಪರಿನಲ್ಲಿ ಸುತ್ತಿ ವಾಪಸು ಕೊಡುತ್ತಿದ್ದೇನೆ. ಒಬ್ಬರು ಮಾತ್ರ, ಅವರ ತಾಯಿಯ ಫೋಟೋ ಕೊಟ್ಟಿದ್ದವರು, ‘ಯಜಮಾನರೇ ಬಂದು ಹಾಕಲಿ, ನಮಗೇನೂ ಆತುರ ಇಲ್ಲ’ ಎಂದು ಹಾಗೆಯೇ ಬಿಟ್ಟುಹೋದರು. ಅಪ್ಪ ಅಳತೆ ಹಿಡಿದು ಗೀರು ಎಳೆದು, ಮುರಿಯದೆ ಬಿಟ್ಟ ಗಾಜೊಂದು ಅಲ್ಲೇ ಇದೆ. ಅದರ ಧೂಳು ಒರೆಸುತ್ತೇನೆ. ನಿನ್ನ ಹತ್ತಿರ ಒಂದು ಮಾತು ಹೇಳಲೇ? ನನಗೆ ಏನೂ ಅನ್ನಿಸುತ್ತಿಲ್ಲ ಪುಟ್ಟೂ. ಬಂದವರೆಲ್ಲ ‘ಒಮ್ಮೆ ಅತ್ತುಬಿಡಿ, ಹಗುರಾಗುತ್ತೆ’ ಅನ್ನುತ್ತಾರೆ. ಅವರ ಮಾತು ಯಾಕೆ ತೆಗೆದುಹಾಕಲಿ ಎಂದು ಒಂದು ಮಧ್ಯಾಹ್ನ ಅಳುವುದಕ್ಕೆಂದೇ ಕೂತೆ. ಬರಲಿಲ್ಲ. ಸುಮ್ಮನೆ ಕೂರುವುದೇಕೆಂದು ಎದ್ದು ಒಣಗಿದ ಬಟ್ಟೆ ಮಡಚಿಟ್ಟೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದರೆ ಸುಡುತ್ತದೆ ಎಂದು ನೆನಪಾಗುವುದೂ ತಡವಾಗುತ್ತಿದೆ. ಅಪ್ಪನ ಬಲಗೈಗೆ ಆಗಿರುವುದು ನನಗೆ ಮೈಯೆಲ್ಲ ಆಗಿದೆಯೋ ಏನೋ.

ಸಂಜೆಯಾದರೆ ಮೂವರೂ ತಪ್ಪದೆ ಬರುತ್ತಾರೆ. ಎದುರು ಸಾಲಿನ ದರ್ಜಿ, ಅದೇ ನಿಮ್ಮ ‘ಅಂಪೈರ್’, ಲೆಕ್ಕದ ಮೇಷ್ಟ್ರು, ಮೆಡಿಕಲ್ ಶಾಪಿನವರು. ಅಪ್ಪನಿಗೆ ಇಷ್ಟವಾದ ವಿಷಯ ಮಾತಾಡುತ್ತಿರಿ, ಮಾತು ಮರಳಲು ಅನುಕೂಲ ಎಂದು ಡಾಕ್ಟರು ಹೇಳಿದ್ದೇ ತಡ, ಅಪ್ಪಣೆ ಸಿಕ್ಕವರಂತೆ ಆ ಕ್ರಿಕೆಟ್ ಫೈನಲ್ಲಿನ ಪುರಾಣ ಶುರುಮಾಡಿದ್ದಾರೆ. ಇವರ ಜಾತಿಯೇ ಬೇರೆ, ನಿನಗೆ ಗೊತ್ತಲ್ಲ. ದೇಶಕ್ಕೆ ದೇಶವೇ ಕೂತು ನೋಡುವ ಮ್ಯಾಚಿಗೆ ಇವರ ಮುಖದಲ್ಲಿ ಕಳೆಯೇ ಇರುವುದಿಲ್ಲ. ರಾಜ್ಯ ರಾಜ್ಯಗಳ ನಡುವೆ, ಖಾಲಿ ಕುರ್ಚಿಗಳ ಮುಂದೆ, ಐದು ದಿನ ಎಳೆದಾಡುವ ಆಟವಾದರೆ ಜೀವ ಬಿಡುತ್ತಾರೆ. ಈಗ ಒಂದೇ ಮ್ಯಾಚು ಮೂವರ ನೆನಪಿನಲ್ಲಿ ಮೂರಾಗಿದೆ. ಹನ್ನೊಂದನೆಯ ಆಟಗಾರ ಹೊತ್ತು ಕಳೆಯಲೆಂದು ಮತ್ತೆ ಮತ್ತೆ ಶೂ ದಾರ ಕಟ್ಟಿಕೊಂಡ ಎಂದು ಮೇಷ್ಟ್ರು. ಶೂ ಅಲ್ಲ, ಗ್ಲೌಸು ಬದಲಾಯಿಸಿದ್ದು ಎಂದು ದರ್ಜಿ. ಚೆಂಡು ಕಾಲಿಗೆ ಬಡಿದಾಗ ತಾನಾಗಿದ್ದರೆ ಔಟ್ ಕೊಡುತ್ತಿದ್ದೆ ಎಂದೂ ಸೇರಿಸುತ್ತಾರೆ, ನಮ್ಮ ಕಡೆಯವನಿಗೇ! ಅದಕ್ಕೆ ಮೆಡಿಕಲ್ ಶಾಪಿನವರು, ಅಷ್ಟು ಮಬ್ಬಿನಲ್ಲಿ ನಿಮಗೆ ಕಾಲು ಕಂಡದ್ದಾದರೂ ಹೇಗೆ ಎಂದು ಕೆಣಕುತ್ತಾರೆ. ಅಪ್ಪನ ಕಣ್ಣು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಓಡಾಡುತ್ತಿರುತ್ತದೆ. ದನಿ ಏರಿತೆಂದರೆ ನಾನೇ ಬೈದು ಕಳಿಸುತ್ತೇನೆ. ನಾನು ಒಂದು ವಿಷಯ ಗಮನಿಸಿದ್ದೇನೆ. ಇಷ್ಟೆಲ್ಲ ನೆನಪಿಟ್ಟವರು ಅಪ್ಪನಿಗೆ ಹೀಗಾದ ಆ ಸಂಜೆ ನಮ್ಮ ನಡುಮನೆಯಲ್ಲಿ ಯಾರು ಎಲ್ಲಿ ಕೂತಿದ್ದರು ಎಂಬ ಮಾತನ್ನು ಮಾತ್ರ ಎತ್ತುವುದಿಲ್ಲ. ಟೀವಿಯ ಒಳಗೆ ನಡೆದದ್ದಷ್ಟೇ ಅವರಿಗೆ ನೆನಪು.

ಹಾಗಾಗಿ ನಾನೇ ಬರೆಯಬೇಕು. ಕದಲಬಾರದೆಂಬ ಆ ನಿಯಮ ಹುಟ್ಟಿದ್ದು ನೀನು ಶಾಲೆಗೆ ಸೇರುವ ಮೊದಲು. ಯಾವುದೋ ಸೆಮಿಫೈನಲ್ಲು. ದರ್ಜಿ ಅಂಗಿಯ ಅಳತೆಗೆಂದು ಬಂದು ಅಪ್ಪನ ಕುತ್ತಿಗೆಗೆ ಟೇಪು ಸುತ್ತಿದ್ದರು. ಅದೇ ಹೊತ್ತಿಗೆ ನಮ್ಮವರಿಬ್ಬರು ಕಚ್ಚಿಕೊಂಡು ನಿಂತರು. ಟೇಪು ತೆಗೆದರೆ ವಿಕೆಟ್ ಬೀಳುತ್ತದೆ ಎಂದು ಅಪ್ಪ, ಬೆನ್ನು ಮುರಿಯುತ್ತಿದೆ ಎಂದು ದರ್ಜಿ. ಕೊನೆಗೂ ತೆಗೆಯಲು ಬಿಡಲಿಲ್ಲ, ಗೆದ್ದೂಬಿಟ್ಟರು. ಅಂದಿನಿಂದ ಕೊನೆಯ ಜೋಡಿ ಆಡುವಾಗ ನಮ್ಮ ಮನೆಯಲ್ಲಿ ಯಾರೂ ಕೂತಲ್ಲಿಂದ ಕದಲುವಂತಿಲ್ಲ, ಉಸಿರೆತ್ತಿ ಮಾತಾಡುವಂತಿಲ್ಲ. ಒಮ್ಮೆ ನೀನು ಪಾಪ, ಎದ್ದುಹೋಗಲು ಹೆದರಿ ಚಡ್ಡಿಯಲ್ಲೇ ಮಾಡಿಕೊಂಡೆ. ಅಪ್ಪ ನಿನ್ನನ್ನು ಎತ್ತಿಕೊಂಡು ಬೀದಿಯೆಲ್ಲ ತೋರಿಸಿದರು, ‘ನನ್ನ ಮಗ ಅಂದ್ರೆ ಇವನು!’ ನಾನು ನಿಮ್ಮಿಬ್ಬರಿಗೂ ಬೈದು ಚಡ್ಡಿ ಒಗೆದೆ. ಈ ಅಪ್ಪ ಮಗನ ಹುಚ್ಚಿಗೆ ಮದ್ದಿಲ್ಲವೆಂದು ಅಂದೇ ಕೈಬಿಟ್ಟೆ. ಬರಬರುತ್ತಾ ನಾನೂ ಹುಚ್ಚರ ಸಂತೆಯಲ್ಲಿ ಒಬ್ಬಳಾದೆ ಅನ್ನು.

ಫೈನಲ್ಲಿನ ಕೊನೆಯ ದಿನ ಅಪ್ಪ ಊಟದ ಹೊತ್ತಿಗೇ ಕೆಲಸ ಬಿಟ್ಟು ಮೇಲೆ ಬಂದರು. ಮೊದಲ ಇನ್ನಿಂಗ್ಸಿನಲ್ಲಿ ನಾವು ಮುಂದಿದ್ದೆವು, ಸಂಜೆಯವರೆಗೆ ಪೂರ್ತಿ ಔಟಾಗದೆ ಉಳಿದರೆ ಕಪ್ ನಮ್ಮದು, ರನ್ನಿನ ಹಂಗೇ ಇಲ್ಲ ಎಂದು ನನಗೆ ಅವರೇ ಬಿಡಿಸಿ ಹೇಳಿದ್ದು. ನೀನು ಡ್ಯೂಟಿಯಲ್ಲಿದ್ದೆ, ಟೀವಿ ನೋಡುವಂತಿರಲಿಲ್ಲ. ಫೋನಿನ ಸ್ಪೀಕರ್ ಹಾಕಿಡು, ಏನಾಗ್ತಿದೆ ಅಂತ ಹೇಳ್ತಾ ಇರು ಎಂದು ನೀನೇ ಅಂದೆ. ನಾನು ನಿನ್ನ ಕಾಮೆಂಟರಿಯವಳಾದೆ. ಎಲ್ಲರ ಕೈಗೂ ಟೀ ಕೊಟ್ಟು ಕೂತೆ, ಒಂಬತ್ತನೇ ವಿಕೆಟ್ ಬಿತ್ತು. ಅಪ್ಪ ಹಣೆ ಚಚ್ಚಿಕೊಂಡು, ‘ಇನ್ನು ಯಾರೂ ಏಳ್ಬೇಡಿ’ ಎಂದರು. ಈವರೆಗೆ ಅದೇ ಅವರ ಕೊನೆಯ ಮಾತು. ಹನ್ನೊಂದನೆಯವನು ಬಂದು ಬ್ಯಾಟು ನೆಲಕ್ಕೆ ಒತ್ತಿ ನಿಂತ. ಒಂದೆರಡು ಓವರು ಕಳೆದಿರಬೇಕು. ಅಪ್ಪನ ಕೈಯಲ್ಲಿದ್ದ ಲೋಟ ನಿಧಾನವಾಗಿ ವಾಲಿತು. ಹಬೆಯಾಡುವ ಟೀ ತೊಡೆಯ ಮೇಲೆ ಸುರಿಯಿತು. ಅವರು ಅಲ್ಲಾಡಲಿಲ್ಲ. ‘ಭೇಷ್’ ಎಂದರು ದರ್ಜಿ, ತುಟಿ ಕದಲಿಸದೆ, ‘ನಿಯಮ ಅಂದ್ರೆ ಇದು.’ ನಾನು ನಿನಗೆ ಹೇಳಿದೆ, ‘ಬಿಸಿ ಟೀ ಚೆಲ್ಕೊಂಡ್ರೂ ನಿಮ್ಮಪ್ಪ ಮಿಸುಕ್ತಿಲ್ಲ ಕಣೋ.’ ನೀನು ನಕ್ಕೆ. ‘ಅಪ್ಪ ಅಂದ್ರೆ ಅಪ್ಪ! ಯಾರೂ ಮುಟ್ಟಬೇಡಿ ಅವರನ್ನ!’ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು, ಎಲ್ಲರೂ ನಕ್ಕೆವು. ಆಮೇಲೆ ಆಟ ಮುಗಿಯುವವರೆಗೆ ಟೀವಿ ಬಿಟ್ಟು ಬೇರೆ ಕಡೆ ನಾವು ತಿರುಗಲಿಲ್ಲ. ಮುಗಿದಾಗ ಎಲ್ಲರೂ ಒಮ್ಮೆಲೇ ಎದ್ದರು. ಅಪ್ಪ ಏಳಲಿಲ್ಲ.

ಯಾವಾಗ ಆಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದರು. ನಮ್ಮಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಮೇಷ್ಟ್ರು ಓವರಿನ ಲೆಕ್ಕದಲ್ಲಿ ಹೇಳತೊಡಗಿದರು. ಆ ಡಾಕ್ಟರಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಮೇಷ್ಟ್ರು ಅವರಿಗೆ ಓವರೆಂದರೆ ಏನೆಂದು ವಿವರಿಸುತ್ತಾ ವಿವರಿಸುತ್ತಾ ಅಲ್ಲೇ ಅತ್ತುಬಿಟ್ಟರು. ಲೋಟ ವಾಲಿದಾಗಲೇ ಕರೆತಂದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜ. ಮುಚ್ಚಿಟ್ಟು ಏನು ಪ್ರಯೋಜನ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದೇ ನಿನ್ನನ್ನು ತಿನ್ನುತ್ತಿದೆ ಎಂದೂ ನನಗೆ ಗೊತ್ತು. ನಿನ್ನ ಮೇಲೆ ನನಗೆ ಸಿಟ್ಟಿದೆಯೇ ಎಂದು ಒಳಗೆಲ್ಲ ಹುಡುಕಿ ನೋಡಿದೆ. ಸಿಗಲಿಲ್ಲ. ದರ್ಜಿಯ ಮೇಲೂ ಇಲ್ಲ, ನನ್ನ ಮೇಲೂ ಇಲ್ಲ. ಸಿಟ್ಟು ಬಂದಿದ್ದರೆ ಒಂದು ಬಗೆಯಲ್ಲಿ ವಾಸಿ ಇತ್ತು, ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ನರ್ಸಾಗಿ ನನಗೇ ತಿಳಿಯಲಿಲ್ಲವಲ್ಲ ಎಂದು ನೀನು ಕೊರಗುತ್ತಿದ್ದೀ. ನೀನು ನೋಡಿದ್ದು ಏನನ್ನು? ಅಮ್ಮ ನಗುತ್ತಾ ಹೇಳಿದ್ದನ್ನು ಕೇಳಿ ನಕ್ಕೆ. ಕಣ್ಣೆದುರು ಕೂತಿದ್ದವಳು ನಾನು. ನಿನ್ನ ಪಾಲಿಗಿದ್ದದ್ದು ಕಿವಿ ಮಾತ್ರ. ಇದಕ್ಕಿಂತ ಚೆನ್ನಾಗಿ ಸಮಾಧಾನ ಮಾಡಲು ಈಗ ನನ್ನ ಕೈಲಾಗುವುದಿಲ್ಲ, ನನ್ನಲ್ಲಿ ಅಷ್ಟು ಉಳಿದಿಲ್ಲ. ಅಪ್ಪನ ತೊಡೆಯ ಮೇಲಿನ ಬೊಬ್ಬೆ ಒಣಗಿದೆ. ಹೊಸ ಚರ್ಮ ಬಂದಿದೆ.

ಇನ್ನೇನು ಬರೆಯಲಿ. ನಿನ್ನ ಹಳೆಯ ಸೈಕಲ್ಲನ್ನು ದರ್ಜಿಯ ಮೊಮ್ಮಗಳು ಓಡಿಸುತ್ತಿದ್ದಾಳೆ, ಬ್ರೇಕು ಸರಿ ಮಾಡಿಸಿಕೊಟ್ಟೆ. ಮೆಟ್ಟಿಲ ಕೆಳಗೆ ಬೆಕ್ಕು ಮರಿ ಹಾಕಿದೆ. ಮಳೆಗಾಲಕ್ಕೆ ಮುಂಚೆ ಕಿಟಕಿಗೆ ಹೊಸ ಗಾಜು ಕೂರಿಸಬೇಕು, ಅಂಗಡಿ ತುಂಬ ಗಾಜಿಟ್ಟುಕೊಂಡು ಬೇರೆಯವರನ್ನು ಕರೆಯಬೇಕಾಗಿ ಬಂದಿದೆ. ಅಲ್ಲಿನ ಚಳಿಯಲ್ಲಿ ಕಿವಿಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ನಿನ್ನ ಜೊತೆ ಕೋಣೆಯಲ್ಲಿರುವವನಿಗೆ ಕೇಳಿದೆನೆಂದು ಹೇಳು, ಅವನಿಗೂ ನನ್ನ ಆಶೀರ್ವಾದ ಇರಲಿ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ, ಅಪ್ಪನದು ಎಡಗೈ.

ನಿನ್ನ
ಅಮ್ಮ

ತಾ. ಕ.: ದರ್ಜಿ ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಇಷ್ಟುದ್ದ ಬರೆದು ಹೇಳಬೇಕಾದದ್ದನ್ನೇ ಬಿಟ್ಟೆ. ಫೈನಲ್ ಏನಾಯಿತೆಂದು ಅಪ್ಪನಿಗೆ ಗೊತ್ತಿಲ್ಲ. ಅಷ್ಟು ಹತ್ತಿರ ಕೂತಿದ್ದರೂ ಕೊನೆಯದೇನೂ ಅವರ ತಲೆಗೆ ಹೋಗಿಲ್ಲ. ಯಾರಾದರೂ ಕಡೆಯ ಓವರಿನ ತನಕ ಬಂದರೆ ಕೈ ಎತ್ತಿ ನರಳುತ್ತಿದ್ದರು, ನೋವೇನೋ ಎಂದು ನಾವು ಮಗ್ಗುಲು ತಿರುಗಿಸುತ್ತಿದ್ದೆವು. ನಿನ್ನೆ ಮೇಷ್ಟ್ರ ಬಾಯನ್ನೇ ಮುಚ್ಚಿ ಹಿಡಿದರು. ಆಗ ಹೊಳೆಯಿತು. ಎಲ್ಲರೂ ಹೋದ ಮೇಲೆ, ನಾನು ಹೇಳ್ಲಾ ಎಂದು ಕೇಳಿದೆ. ಗೋಡೆಯ ಕಡೆ ತಿರುಗಿದರು. ಮೇಷ್ಟ್ರು ಹೇಳ್ಬೇಕಾ ಎಂದೆ, ಇತ್ತ ತಿರುಗಲೇ ಇಲ್ಲ. ಪುಟ್ಟು ಬಂದು ಹೇಳ್ಬೇಕಾ ಎಂದೆ. ನನ್ನ ಕೈ ಹಿಡಿದವರು ಬಿಡಲಿಲ್ಲ, ಒಲೆಯ ಮೇಲೆ ಹಾಲು ಪೂರ್ತಿ ಉಕ್ಕಿಹೋಯಿತು. ಪೇಪರಿನವನಿಗೆ ಮನೆಗೆ ಹಾಕಬೇಡ ಎಂದಿದ್ದೇನೆ, ಬೀದಿಯವರಿಗೆಲ್ಲ ಬಾಯಿ ಬಿಡಬೇಡಿ ಎಂದು ಹೇಳಿಯಾಗಿದೆ. ಅವರ ಪಾಲಿಗೆ ಇನ್ನೂ ಒಂಬತ್ತೇ ವಿಕೆಟ್ ಬಿದ್ದಿರುವುದು. ಫೋನಿನಲ್ಲಿ ಹೇಳಬೇಡ, ಬಂದು ಹೇಳು.